ಯೀಸ್ಟಿನ ಮೊಗ್ಗು ಕಳಚುವ ಗಳಿಗೆ: ಒಂದು ಸಂಶೋಧನೆಯ ಚರಿತ್ರೆ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಆಲೆಮನೆಗಳಲ್ಲಿ ಹಿಂಡಿದ ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಏರಿಸದೆ ಬಹು ಹೊತ್ತು ಇಟ್ಟರೆ ಅದು ನೊರೆಯೆದ್ದು ಹುಳಿಯಾಗುವುದೆಂಬುದನ್ನು ರೈತರೆಲ್ಲರೂ ಬಲ್ಲರು. ಈ ಕೆಡುಕಿನಲ್ಲಿ ಪಾಲುಗೊಳ್ಳುವ ಯೀಸ್ಟೇ ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ಮದ್ಯಸಾರವಾಗಿ ಮಾರ್ಪಡಿಸುವ ಜೀವಿಯೂ ಆಗಿದೆ. ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯ ಮೂಲಕ (ಇದೇ ಮುಂದೆ ವಿಶ್ವೇಶ್ವರಯ್ಯ ನಾಲೆಯೆನಿಸಿತು) ಹರಿದ ಮೇಲೆ ಇಲ್ಲಿ ಕಬ್ಬಿನ ಬೇಸಾಯ ಹಬ್ಬಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಅದಕ್ಕಾಗಿ ಶ್ರಮಿಸಿದ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ನರು ಮೂಲತಃ ಶಿಲೀಂಧ್ರಗಳನ್ನು ಅಭ್ಯಾಸಮಾಡಿದವರು. ಅಡಕೆಯ ಕೊಳೆರೋಗವನ್ನು ಕುರಿತ ಅವರ ಅಧ್ಯಯನ 1910ರಲ್ಲಿ ಪ್ರಕಟವಾಯಿತು. ಯೀಸ್ಟೂ ಶಿಲೀಂಧ್ರವರ್ಗಕ್ಕೆ ಸೇರಿದುದಾದ್ದರಿಂದ ಈ ಮಾತನ್ನು ಪ್ರಾಸಂಗಿಕವಾಗಿ ಹೇಳಿದೆವು. ನಮ್ಮ ಪ್ರಶ್ನೆ ಬೇರೆ: ಒಂದು ಯೀಸ್ಟುಕೋಶ ಎರಡಾಗುವಾಗ, ತಾಯಿಕೋಶದಿಂದ ಮರಿಕೋಶ ಕಡಿದುಕೊಳ್ಳುವ ಗಳಿಗೆಯನ್ನು ನಿರ್ಣಯಿಸುವುದು ಯಾವುದು?

ಯೀಸ್ಟು ಜೀವಿಯೆಂದೂ ಮೊಗ್ಗೊಡೆದು ಹೆಚ್ಚುವುದೆಂದೂ 1837ರ ಸುಮಾರಿನಲ್ಲಿ ಫ್ರಾನ್ಸಿನ ಕಾನ್ಯಾರ್-ಲಾತೂರ್, ಜರ್ಮನಿಯ ಶ್ವಾನ್ ಇವರು ಸೂಕ್ಷ್ಮದರ್ಶಕದಿಂದ ಕಂಡುಕೊಂಡರು. ಲೀಬಿಗ್‌ನಂಥ ರಸಾಯನಜ್ಞರ ವಿರೋಧ ಪ್ಯಾಶ್ಚರನ ಕಾಲದವರೆಗೂ ನಡೆಯಿತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮದ್ಯವನ್ನು ಹುದುಗಿಸುವ ದ್ರವ್ಯಕ್ಕೆ ‘ಕಿಣ್ವ’ವೆಂದೇ ಹೆಸರು. ಇಂದು ಕನ್ನಡದಲ್ಲಿ ಆ ಶಬ್ದ ಎನ್‌ಜೈಮಿಗೆ ಸಂದಿದೆ. ಎನ್‌ಜೈಮೆಂಬ ಶಬ್ದಕ್ಕಾದರೂ ಗ್ರೀಕಿನಲ್ಲಿ ‘ಯೀಸ್ಟಿನೊಳಗಿನದು’ ಎಂದೇ ಅರ್ಥ. ಪಾರಿಭಾಷಿಕವನ್ನು ಆಯ್ದವರ ವಿವೇಕವನ್ನು ಮೆಚ್ಚಬೇಕು.

ಕನ್ನಡನಾಡಿನಲ್ಲಿ ಈ ವಿಷಯಕ್ಕೆ ಕೈಹಾಕಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಕೆ. ಸುಬ್ರಹ್ಮಣ್ಯಂ ಅವರು. 1940ರ ದಶಕದ ನಡುವಿನಿಂದ ಅವರೂ ಅವರ ಸಹೋದ್ಯೋಗಿಗಳೂ ಯೀಸ್ಟಿಗೆ ಬಣ್ಣ ಕಟ್ಟಿ, ಕೋಶಕೇಂದ್ರದ ವಿಭಜನೆಯನ್ನು ಹಂತ ಹಂತವಾಗಿ ಚಿತ್ರಿಸಿದರು. ಕೋಶದೊಳಗಿನ ರಸಕುಹರವು ಕೋಶಕೇಂದ್ರದ್ದೇ ಭಾಗವೆಂಬ ಅಮೆರಿಕದ ಲಿಂಡೆಗ್ರೆನ್ನನ ಮತವನ್ನು ಅವರು ಒಪ್ಪಲಿಲ್ಲ. ಆ ಅಂಶದಲ್ಲಿ ಕಾಲ ಅವರ ಪರವಾಗಿಯೇ ನಿಂತಿತು. ಆದರೆ ವರ್ಣತಂತುಗಳ ಎಣಿಕೆಯಲ್ಲಿ ಅವರು ಕಂಡದ್ದು ಬೆರಳೆಣಿಕೆಯಷ್ಟು ಮಾತ್ರ. ನಿಜಸಂಖ್ಯೆ 16. ಇದು ಕಣ್ಣಿನ ದೋಷವಲ್ಲ. ಯೀಸ್ಟಿನಲ್ಲಿ ಕೋಶಕೇಂದ್ರದ ಪೊರೆ ವಿಭಜನೆಯ ಕಾಲದಲ್ಲಿಯೂ ಒಡೆಯುವುದಿಲ್ಲ. ವರ್ಣತಂತುಗಳು ಈರುಳ್ಳಿಯ ಬೇರಿನಲ್ಲಿ ಕಾಣುವಂತೆ ದಪ್ಪವಾಗಿ ಮುದುರಿಕೊಳ್ಳುವುದೂ ಇಲ್ಲ. ಬಣ್ಣಕ್ಕೆ ಸಿಕ್ಕದ ವಸ್ತುವನ್ನು ಬಣ್ಣದಿಂದಲೇ ಹಿಡಿಯಹೊರಟದ್ದು ಆ ಕಾಲದ ಮಿತಿ. ಪಠ್ಯಪುಸ್ತಕಗಳು ಈ ಪ್ರಯತ್ನವನ್ನು ಹೆಸರಿಸದೆ ದಾಟಿಹೋಗುವುದು ನ್ಯಾಯವಲ್ಲವೆಂದು ನಾವು ಭಾವಿಸುತ್ತೇವೆ.

ಮುಂದಿನ ದಾರಿ ತೆರೆದುದು ಬಣ್ಣದಿಂದಲ್ಲ, ಕೆಟ್ಟ ಕೋಶಗಳಿಂದ. ಅಮೆರಿಕದ ಸಿಯಾಟಲಿನಲ್ಲಿ ಲೀಲ್ಯಾಂಡ್ ಹಾರ್ಟ್‌ವೆಲ್ಲನು 1970ರ ಸುಮಾರಿನಲ್ಲಿ, 23 ಡಿಗ್ರಿ ಉಷ್ಣತೆಯಲ್ಲಿ ಸಹಜವಾಗಿ ಬೆಳೆದು 36 ಡಿಗ್ರಿಯಲ್ಲಿ ವಿಭಜನೆಯ ನಡುವೆಯೇ ನಿಂತುಬಿಡುವ ಯೀಸ್ಟುಗಳನ್ನು ಆಯ್ದನು. ಒಂದೊಂದೂ ಒಂದೊಂದು ಜೀನಿನ ಕೇಡನ್ನು ತೋರಿಸಿತು. ನಾಲ್ಕು ಜೀನುಗಳು ಕೆಟ್ಟಾಗ ಕೋಶಕೇಂದ್ರ ಇಬ್ಭಾಗವಾದರೂ ಕೋಶಗಳು ಬೇರ್ಪಡಲಿಲ್ಲವೆಂದು ಅವನು 1971ರಲ್ಲಿ ಪ್ರಕಟಿಸಿದನು. 1976ರಲ್ಲಿ ಬೈಯರ್ಸ್ ಮತ್ತು ಗೋಟ್ಷ್ ಎಂಬವರು ಮೊಗ್ಗಿನ ಕತ್ತಿನ ಸುತ್ತ ಎಳೆಗಳ ಉಂಗುರವೊಂದನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ವರ್ಣಿಸಿದರು. ಅದು ಆ ನಾಲ್ಕು ಜೀನುಗಳ ಪ್ರೋಟೀನುಗಳಿಂದಲೇ ಆದುದೆಂಬುದು ತರುವಾಯ ತಿಳಿಯಿತು. ಹಾರ್ಟ್‌ವೆಲ್ಲನಿಗೆ 2001ರಲ್ಲಿ ನರ್ಸ್, ಹಂಟ್ ಇವರೊಡನೆ ನೊಬೆಲ್ ಬಹುಮಾನ ಸಂದಿತು.

ಇಲ್ಲಿ ಯೀಸ್ಟಿನ ವಿಶೇಷ ಸಂಕಟವೊಂದನ್ನು ಗಮನಿಸಬೇಕು. ಪ್ರಾಣಿಕೋಶದಲ್ಲಿ ಕೋಶಕೇಂದ್ರವನ್ನು ಹಂಚುವ ಕದಿರು ಎಲ್ಲಿದೆಯೋ ಅದಕ್ಕೆ ಅನುಸಾರವಾಗಿ ಕತ್ತರಿಸುವ ಸ್ಥಳ ಗೊತ್ತಾಗುತ್ತದೆ. ಯೀಸ್ಟಿನಲ್ಲಾದರೋ ಮೊಗ್ಗು ಮೂಡಿದಾಗಲೇ ಕತ್ತಿನ ಸ್ಥಳ ನಿಶ್ಚಿತ. ಹಂಚಿಕೆಯಾದ ಎರಡು ಪಾಲೂ ತಾಯಿಯಲ್ಲಿಯೇ ಉಳಿದಾಗ ಕತ್ತು ಕಡಿದರೆ, ಮರಿಕೋಶಕ್ಕೆ ಕೋಶಕೇಂದ್ರವೇ ಇಲ್ಲದೆ ಅದು ಸಾಯುವುದು. ಆದಕಾರಣ ಪಾಲು ಕತ್ತನ್ನು ದಾಟಿತೇ ಎಂಬುದನ್ನು ತಿಳಿಯುವ ಉಪಾಯವೊಂದು ಇರಲೇಬೇಕು.

1990ರ ದಶಕದಿಂದೀಚಿನ ಸಂಶೋಧನೆ ಅದನ್ನು ಬಯಲುಮಾಡಿದೆ. ಕದಿರಿನ ತುದಿಯಲ್ಲಿ ಟೆಮ್1 ಎಂಬ ಪ್ರೋಟೀನು ಕುಳಿತಿರುತ್ತದೆ. ಬಬ್2, ಬಿಎಫ್‌ಎ1 ಎಂಬೆರಡು ಅದನ್ನು ಅದುಮಿಟ್ಟಿರುತ್ತವೆ. ತಾಯಿಕೋಶದಲ್ಲಿರುವ ಕಿನ್4 ಈ ಅದುಮಿಗೆ ಬೆಂಬಲ. ಮೊಗ್ಗಿನಲ್ಲಿ ಮಾತ್ರ ಇರುವ ಎಲ್‌ಟಿಇ1 ಅದಕ್ಕೆ ವಿರೋಧಿ. ಕದಿರಿನ ಒಂದು ತುದಿ ಕತ್ತನ್ನು ದಾಟಿ ಮೊಗ್ಗನ್ನು ಹೊಕ್ಕೊಡನೆ ಟೆಮ್1 ಬಿಡುಗಡೆಗೊಂಡು ಸಿಡಿಸಿ15ನ್ನೂ, ಅದು ಡಿಬಿಎಫ್2ನ್ನೂ ಎಚ್ಚರಿಸುತ್ತವೆ. ಆಗ ಕೋಶಕೇಂದ್ರದ ಒಳಗುಳಿಯಲ್ಲಿ ಬಂಧಿಯಾಗಿದ್ದ ಸಿಡಿಸಿ14 ಎಂಬ ಕಿಣ್ವ ಹೊರಬಿದ್ದು ವಿಭಜನೆಯನ್ನು ನಡೆಸುತ್ತಿದ್ದ ಕಿಣ್ವವನ್ನು ತಣಿಸುತ್ತದೆ. ಆ ಬಳಿಕವೇ ಕತ್ತಿನ ಉಂಗುರ ಬಿಗಿದು, ಕೈಟಿನ್ ಗೋಡೆ ಏಳುತ್ತದೆ. ಮೊಗ್ಗು ಮನೆಯೊಳಗೆ ಕಾಲಿಡದೆ ಬಾಗಿಲು ಮುಚ್ಚದ ಕಟ್ಟುನಿಟ್ಟು ಇದು.

ಗೋಡೆ ಎದ್ದರೂ ಕೋಶಗಳು ಬೇರ್ಪಟ್ಟಂತಲ್ಲ. ಏಸ್2 ಎಂಬ ಪ್ರೋಟೀನು ಮರಿಕೋಶದ ಕೇಂದ್ರದಲ್ಲಿ ಮಾತ್ರ ನೆಲಸಿ, ಕೈಟಿನ್ನನ್ನು ಕರಗಿಸುವ ಕಿಣ್ವವನ್ನು ಮಾಡಿಸುತ್ತದೆ. ಅಂದರೆ ಬಂಧವನ್ನು ಕಳಚಿಕೊಳ್ಳುವುದು ಮರಿಯೇ; ತಾಯಿಯ ಮೈಯಲ್ಲಿ ಮೊಗ್ಗಿನ ಗಾಯದ ಗುರುತು ಉಳಿಯುತ್ತದೆ. ಏಸ್2 ಕೆಟ್ಟರೆ ಕೋಶಗಳು ಗೊಂಚಲುಗೊಂಚಲಾಗಿ ಅಂಟಿಕೊಂಡು ಬೇಗ ತಳಕ್ಕಿಳಿಯುತ್ತವೆ. ಕಾಕಂಬಿಯ ತೊಟ್ಟಿಯಲ್ಲಿ ಯೀಸ್ಟು ಚದರಿ ನಿಲ್ಲುವುದೋ ಮುದ್ದೆಗಟ್ಟಿ ಇಳಿಯುವುದೋ ಎಂಬುದಕ್ಕೆ ಬೇರೆ ಕಾರಣಗಳೂ ಉಂಟು. ಈ ಕಳಚಿಕೆಯೂ ಅವುಗಳಲ್ಲೊಂದು.

ಪೂರ್ವ ಆಫ್ರಿಕದ ಕಿರುಧಾನ್ಯದ ಮದ್ಯದಿಂದ 1893ರಲ್ಲಿ ಲಿಂಡ್ನರ್ ಬೇರ್ಪಡಿಸಿದ ‘ಪೋಂಬೆ’ ಯೀಸ್ಟು ಮೊಗ್ಗೊಡೆಯದೆ ನಡುವೆ ಸೀಳುತ್ತದೆ. ಅದರಲ್ಲಿಯೂ ಇದೇ ಬಗೆಯ ಪ್ರೋಟೀನುಗಳ ಸರಪಣಿಯಿದೆ. ಆದರೆ ಅಲ್ಲಿ ಅದು ಮುಖ್ಯವಾಗಿ ನಡುಗೋಡೆಯನ್ನು ಎಬ್ಬಿಸುತ್ತದೆ. ವಿಭಜನೆಯಿಂದ ಹೊರಬರಲು ಅದು ಬೇಕಿಲ್ಲ. ಒಂದೇ ಸರಪಣಿ ಎರಡು ಯೀಸ್ಟುಗಳಲ್ಲಿ ಭಿನ್ನ ಕಾರ್ಯಕ್ಕೆ ಒದಗಿದ ಬಗೆಯನ್ನು ಅರಸುವ ಕಾರ್ಯ ಈಗಲೂ ನಡೆದಿದೆ. ಸುಬ್ರಹ್ಮಣ್ಯಂ ಅವರು ದುಡಿದ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿಯೂ ಯೀಸ್ಟಿನ ಕೋಶಸೀಳುವಿಕೆ ಅಧ್ಯಯನದ ವಿಷಯವಾಗಿದೆ.