ಕಾಡಿಂದ ನಾಲೆ ಬದಿಗೆ ಬಂದವರು

ಮೊನ್ನೆ ಎಂ.ಸಿ. ಹಳ್ಳಿ ಕಡೆ ಹೋಗಿದ್ದೆ. ದಾರಿ ಕೇಳಿದ್ರೆ ಒಬ್ರು, "ಕಾಡಿಂದ ಬಂದೋರ ಕಡೆ ಹೋಗ್ಬೇಕಾ?" ಅಂದ್ರು. ಅವರು ಬಂದು ಇಪ್ಪತ್ತು ವರ್ಷದ ಮೇಲಾಯ್ತು. ಇಲ್ಲೇ ಹುಟ್ಟಿದ ಹುಡುಗರು ಈಗ ಟ್ರ್ಯಾಕ್ಟರ್ ಓಡಿಸ್ತಿದ್ದಾರೆ. ನಮ್ಮ ಬಾಯಲ್ಲಿ ಮಾತ್ರ ಅವರು ಇನ್ನೂ ಕಾಡಿಂದ ಬಂದೋರೇ. ಅದಕ್ಕೇ ಈ ಸಲ ಬೆಳೆ ವಿಚಾರ ಬಿಟ್ಟು ಆ ಇತಿಹಾಸ ಬರೀತಿದ್ದೀನಿ.

ಮುತ್ತೋಡಿ, ಲಕ್ಕವಳ್ಳಿ ಕಾಡಿನ ಒಳಗೆ ಕೆಸವೆ, ಹಿಪ್ಲ, ಕರ್ವಾನಿ ಅಂತ ಸಣ್ಣ ಸಣ್ಣ ಊರುಗಳಿದ್ವು. 1951ರಲ್ಲಿ ಜಾಗರ ಕಣಿವೆಯನ್ನ ವನ್ಯಧಾಮ ಮಾಡಿದ್ರು. 1974ರಲ್ಲಿ ಅದನ್ನ ವಿಸ್ತರಿಸಿ ಭದ್ರಾ ಅಭಯಾರಣ್ಯ ಅಂತ ಹೆಸರಿಟ್ರು. 1998ರಲ್ಲಿ ಹುಲಿ ಯೋಜನೆಗೆ ಸೇರಿಸಿದ್ರು. ಇನ್ನೊಂದು ಕಡೆ ಲಕ್ಕವಳ್ಳಿ ಅಣೆಕಟ್ಟೆಯ ಹಿನ್ನೀರು ನೂರು ಚದರ ಕಿಲೋಮೀಟರಿಗೂ ಹೆಚ್ಚು ಜಾಗ ಮುಳುಗಿಸಿತ್ತು. ಕಾನೂನು ಬಿಗಿಯಾಗ್ತಾ ಹೋದ ಹಾಗೆ ಒಳಗಿದ್ದವರಿಗೆ ರಸ್ತೆ, ಕರೆಂಟು, ಶಾಲೆ ಎಲ್ಲವೂ ದೂರದ ಮಾತಾಯ್ತು. ಬೆಳೆದಿದ್ದಾದ್ರೂ ಮನೆಗೆ ಬರ್ತಿತ್ತಾ ಅಂದ್ರೆ ಅದೂ ಪೂರ್ತಿ ಇಲ್ಲ. ಎಂ.ಡಿ. ಮಧುಸೂದನ್ ಅವರು ಆ ಊರುಗಳಲ್ಲಿ ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ವರ್ಷಕ್ಕೆ ಸುಮಾರು ನೂರಕ್ಕೆ 11 ಪಾಲು ಧಾನ್ಯ ಆನೆಗೆ ಹೋಗ್ತಿತ್ತು, ನೂರಕ್ಕೆ 12 ದನಕರು ಹುಲಿ, ಚಿರತೆಗೆ ಹೋಗ್ತಿದ್ವು. ಮಾಳದ ಮೇಲೆ ರಾತ್ರಿ ಕಾದೂ ಇಷ್ಟು ನಷ್ಟ.

ಸ್ಥಳಾಂತರದ ಮಾತು ಎಷ್ಟೋ ವರ್ಷ ಕಾಗದದಲ್ಲೇ ಇತ್ತು. ಕೊನೆಗೆ 2001-02ರಲ್ಲಿ 419 ಕುಟುಂಬಗಳು ಹೊರಗೆ ಬಂದ್ವು. ಕೆಲವರು ಕಾಫಿ ಸೀಮೆಯ ಕೆಳಗೂರಿಗೆ ಹೋದ್ರು, ಉಳಿದವರು ನಮ್ಮ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೆ ಬಂದ್ರು. ಆಗ ಅಜ್ಜಂಪುರವೂ ತರೀಕೆರೆ ತಾಲ್ಲೂಕಲ್ಲೇ ಇತ್ತು. ಇಲ್ಲಿ ಮುಖ್ಯವಾದದ್ದು ಅಂದ್ರೆ ಬರೀ ದುಡ್ಡು ಕೊಟ್ಟು ಕಳಿಸ್ಲಿಲ್ಲ. ಜಮೀನಿದ್ದವರಿಗೆ ಜಮೀನು ಕೊಟ್ರು, ಅದೂ ನೀರಾವರಿ ಭೂಮಿ. ಜನರನ್ನ ಕೂರಿಸಿಕೊಂಡು ಮಾತಾಡಿದ್ರು. ಆಮೇಲೆ ಈ ಕುಟುಂಬಗಳನ್ನ ಕೇಳಿ ಕೃತಿ ಕಾರಂತ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 71 ಮನೆಯವರು ಹೊಸ ಬದುಕು ತೃಪ್ತಿ ತಂದಿದೆ ಅಂದಿದ್ದಾರೆ. ದೇಶದಲ್ಲಿ ಇಂಥ ಸ್ಥಳಾಂತರ ಹೆಚ್ಚಿನವು ಕೆಟ್ಟು ಹೋಗಿರೋವಾಗ ಇದು ದೊಡ್ಡ ಮಾತೇ. ಹಾಗಂತ ಉಳಿದ 29 ಮನೆಯವರನ್ನ ಮರೆಯೋ ಹಾಗಿಲ್ಲ.

ಬದುಕು ಒಗ್ಗೋದು ಲಾರಿಯಿಂದ ಸಾಮಾನು ಇಳಿಸಿದ ದಿನ ಅಲ್ಲ. ಅಲ್ಲಿ ಮಳೆ ಎಷ್ಟೋ ವರ್ಷ 2000 ಮಿ.ಮೀ. ದಾಟ್ತದೆ. ನಮ್ಮ ಕಡೂರಲ್ಲಿ 600ರ ಆಸುಪಾಸು ಬಂದ್ರೆ ಪುಣ್ಯ. ಅಲ್ಲಿ ಆಕಾಶ ನೋಡಿ ಗದ್ದೆಗೆ ಇಳೀತಿದ್ದವರು ಇಲ್ಲಿ ಡ್ಯಾಂ ಎಷ್ಟು ಅಡಿ ತುಂಬ್ತು, ಸಲಹಾ ಸಮಿತಿ ಸಭೆ ಯಾವತ್ತು, ನಾಲೆಗೆ ನೀರು ಯಾವಾಗ ಬಿಡ್ತಾರೆ ಅಂತ ಕಾಯೋದು ಕಲೀಬೇಕಾಯ್ತು. 186 ಅಡಿ ಅನ್ನೋ ಲೆಕ್ಕ ನಮಗೆ ಹುಟ್ಟಿದಾಗಿಂದ ಗೊತ್ತು, ಅವರಿಗೆ ಹೊಸದು. ತೂಬಿನ ಹತ್ರ ಸರದಿಗೆ ನಿಲ್ಲೋದು, ಮೇಲಿನವನು ಬಿಟ್ರೆ ಕೆಳಗಿನವನಿಗೆ ನೀರು ಅನ್ನೋದು, ಅದರ ಜಗಳ, ಅದರ ರಾಜಿ, ಇದೆಲ್ಲ ಒಂದು ವಿದ್ಯೆಯೇ.

ಇನ್ನು ಮನೆ. ಮಲೆನಾಡಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ಕೂಗಳತೆ ದೂರ. ಇಲ್ಲಿ ಸಾಲು ಸೈಟು, ಪಕ್ಕದ ಮನೆ ಒಗ್ಗರಣೆ ವಾಸನೆ ನಮ್ಮ ಮನೆಗೆ. ಸೌದೆ, ಸೀಗೆಕಾಯಿ, ಜೇನು, ಹಳ್ಳದ ಮೀನು ಅಲ್ಲಿ ದುಡ್ಡಿಲ್ಲದೆ ಸಿಗ್ತಿತ್ತು. ಅಚ್ಚುಕಟ್ಟಲ್ಲಿ ದನ ಬಿಟ್ಟು ಮೇಯಿಸೋ ಜಾಗ ಎಲ್ಲಿದೆ? ಗೊಬ್ಬರ, ಔಷಧಿ, ಆಳು ಕೂಲಿ ಎಲ್ಲಕ್ಕೂ ಮೊದಲು ಕೈಯಿಂದ ದುಡ್ಡು ಹಾಕ್ಬೇಕು. ಜಮೀನಿದ್ದವರು ಹೇಗೋ ಸುಧಾರಿಸಿಕೊಂಡ್ರು. ಕಾಡನ್ನೇ ನಂಬಿದ್ದ ಜಮೀನಿಲ್ಲದವರಿಗೆ ಈ ಲೆಕ್ಕ ಭಾರವಾಯ್ತು. ಆದ್ರೆ ರಾತ್ರಿ ನಿದ್ದೆ, ಬಸ್ಸು, ಶಾಲೆ, ಹೆರಿಗೆ ನೋವು ಬಂದ್ರೆ ಹತ್ರದಲ್ಲಿ ಆಸ್ಪತ್ರೆ ಸಿಕ್ಕಿತು. ಇದನ್ನೂ ಅದೇ ತಕ್ಕಡಿಗೆ ಹಾಕಿ ತೂಗ್ಬೇಕು.

ಪಕ್ಕದ ಜಿಲ್ಲೆ ಉದಾಹರಣೆ ನೋಡಿ. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಆಯ್ತು. ಶರಾವತಿ ಮುಳುಗಡೆಯವರನ್ನ ತಂದು ಅರಣ್ಯ ಭೂಮಿಯಲ್ಲಿ ಕೂರಿಸಿದ್ರು. ನಾಡಿಗೆಲ್ಲ ಬೆಳಕು ಕೊಟ್ಟ ಆ ಮನೆಗಳಲ್ಲಿ ಎಷ್ಟೋ ಜನ ಅರವತ್ತು ವರ್ಷ ಆದ್ರೂ ಪಹಣಿಗಾಗಿ ಓಡಾಡ್ತಾನೇ ಇದ್ದಾರೆ. ಉಳುಮೆ ಮಾಡಿದ್ರೂ ಭೂಮಿ ಅವರ ಹೆಸರಲ್ಲಿಲ್ಲ. ಎರಡೂ ಕಡೆ ಜನ ಒಂದೇ ಥರದವರು, ದುಡಿಯೋರು. ವ್ಯತ್ಯಾಸ ಇಷ್ಟೇ: ಇಲ್ಲಿ ಭೂಮಿ ಮತ್ತು ನೀರು ಮೊದಲು ಗುರುತಾಯ್ತು, ಜನ ಆಮೇಲೆ ಬಂದ್ರು. ಅಲ್ಲಿ ಜನ ಮೊದಲು ಎದ್ದರು, ಕಾಗದ ಹಿಂದೇ ಉಳೀತು.

ಇದು ನಮಗೂ ಬೇಕಾದ ಪಾಠ. ಭದ್ರಾ ಮೇಲ್ದಂಡೆ ಕಾಲುವೆ, ಅಜ್ಜಂಪುರದ ಸುರಂಗ ನಮ್ಮ ಕಣ್ಣೆದುರೇ ಆಗಿದ್ದು. ನಾಳೆ ಇನ್ನೊಂದು ಯೋಜನೆಗೆ ನಮ್ಮದೇ ಸರ್ವೆ ನಂಬರ್ ಬಂದ್ರೆ ಪರಿಹಾರ ಎಷ್ಟು ಅಂತ ಕೇಳೋ ಮೊದಲು ಬದಲಿ ಭೂಮಿ ಎಲ್ಲಿ, ನೀರು ಯಾವುದು, ಪಹಣಿ ಯಾವತ್ತು ಕೈಗೆ ಬರ್ತದೆ ಅಂತ ಕೇಳಿ.

ಎಂ.ಸಿ. ಹಳ್ಳಿ ಬಂಧುಗಳಿಗೂ ಒಂದು ಮಾತು. 2002ರಲ್ಲಿ ಐವತ್ತು ವರ್ಷ ಆಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಜಮೀನು ಇನ್ನೂ ತೀರಿಹೋದ ಹಿರಿಯರ ಹೆಸರಲ್ಲೇ ಇದ್ರೆ ಪೌತಿ ಖಾತೆ ಮಾಡಿಸ್ಕೊಳ್ಳಿ, ಪೋಡಿ ಬಾಕಿ ಇದ್ರೆ ಮುಗಿಸ್ಕೊಳ್ಳಿ. ಕಾಡು ಬಿಟ್ಟು ಸಂಪಾದಿಸಿದ ಭೂಮಿ ಕಾಗದದಲ್ಲಿ ಕಳೀಬಾರದು.

ಮುತ್ತೋಡಿಯ ಸೋಮವಾಹಿನಿ ಹರಿದು ಭದ್ರೆ ಸೇರ್ತದೆ. ಭದ್ರೆ ಡ್ಯಾಮಲ್ಲಿ ನಿಂತು ನಾಲೆಗೆ ಬರ್ತದೆ. ಅವರು ಬಿಟ್ಟು ಬಂದ ಹಳ್ಳದ ನೀರೇ ನಮ್ಮ ಅಚ್ಚುಕಟ್ಟಿನ ಗದ್ದೆಗೂ ಬರೋದು. ಆ ನೀರನ್ನ ನಾವು ಕಾಡಿಂದ ಬಂದದ್ದು ಅಂತ ಬೇರೆ ಮಾಡಲ್ಲ. ಜನರನ್ನ ಯಾಕೆ ಮಾಡ್ಬೇಕು? ಇನ್ನು ಮೇಲೆ ಯಾರಾದ್ರೂ ದಾರಿ ಕೇಳಿದ್ರೆ ಎಂ.ಸಿ. ಹಳ್ಳಿಯೋರು ಅನ್ನೋಣ, ಸಾಕು.