ಹೆಡ್‌ಸೆಟ್ ಬದಲಿಸುವ ಮುನ್ನ ಗೋಡೆ ನೋಡಿ

ಇಳಕಲ್ಲಿನ ಕೆಂಪು ಗ್ರಾನೈಟ್ ಹೊರದೇಶಕ್ಕೂ ಹೋಗುತ್ತೆ. ಹಳೇ ಮನೆಗಳ ದಪ್ಪ ಕಲ್ಲುಗೋಡೆ ಮಾತ್ರ ವೈ-ಫೈಯನ್ನು ಪಕ್ಕದ ಕೋಣೆಗೂ ಸಲೀಸಾಗಿ ಬಿಡಲ್ಲ. 5 ಗಿಗಾಹರ್ಟ್ಸ್ ಸಿಗ್ನಲ್ಲಂತೂ 2.4ಕ್ಕಿಂತ ಬೇಗ ಸೋಲುತ್ತೆ. ಆಟದ ನಡುವೆ ಗೆಳೆಯರ ದನಿ ತುಂಡುತುಂಡಾದರೆ ಹುಡುಗರು ಹೊಸ ಹೆಡ್‌ಸೆಟ್‌ಗೆ ದುಡ್ಡು ಕೇಳ್ತಾರೆ. ತಡೆಯಿರಿ. ಕಂಪ್ಯೂಟರಿನಲ್ಲೇ ಒಂದು ಹಾಡು ಹಾಕಿ, ನಿಮ್ಮ ಮಾತು ರೆಕಾರ್ಡ್ ಮಾಡಿ ಕೇಳಿ. ಎರಡೂ ಸರಿಯಿದ್ದರೆ ಹೆಡ್‌ಸೆಟ್ ಸರಿಯಿದೆ.

ನಾನಾದರೆ ರೌಟರ್‌ನಿಂದ ಕ್ಯಾಟ್-6 ಕೇಬಲ್ ಎಳೆಸ್ತೀನಿ. 100 ಮೀಟರ್‌ವರೆಗೆ ಚಿಂತೆಯಿಲ್ಲ. ಅಪ್ಪಟ ತಾಮ್ರದ್ದೇ ಕೇಳಿ ತಗೊಳ್ಳಿ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಬೇಗ ಮುರಿಯುತ್ತೆ. ಮನೆಯಲ್ಲಿ ವಿದ್ಯುತ್ ಮಗ್ಗವಿದ್ದರೆ ಅದರ ಕರೆಂಟ್ ವೈರಿನ ಪೈಪಿನಲ್ಲಿ ಇದನ್ನು ತೂರಿಸಬೇಡಿ.

ರೆಕಾರ್ಡಿಂಗಿನಲ್ಲಿ ನಿಮ್ಮ ದನಿಯೇ ಇಲ್ಲವೇ? ಜ್ಯಾಕ್ ನೋಡಿ. ಮೂರು ಗೆರೆಯಿದ್ದರೆ ಮೈಕೂ ಅದರಲ್ಲೇ ಇದೆ. ಹಳೇ ಪಿಸಿಯ ಹಸಿರು, ಗುಲಾಬಿ ತೂತುಗಳಿಗೆ ಸ್ಪ್ಲಿಟರ್ ಹಾಕಿ.