ಬಿಸಿಲಿಗೆ ಪ್ಲಾಸ್ಟಿಕ್ ಕರಗಿ ಹೋಗುತ್ತದೆಯೇ?

ಹೇಳಿಕೆ: ಗುಡ್ಡ, ಕೋಟೆಗಳಲ್ಲಿ ಬಿಟ್ಟ ಕವರ್, ಬಾಟಲಿಗಳು ಒಂದೆರಡು ಬೇಸಿಗೆಯಲ್ಲಿ ಬಿಸಿಲಿಗೆ ಕರಗಿ ಹೋಗುತ್ತವೆ. ಹಣ್ಣಿನ ಸಿಪ್ಪೆ ಗೊಬ್ಬರವಾಗುತ್ತದೆ. ಹೆಕ್ಕಿ ತರಬೇಕಾಗಿಲ್ಲ.

ವಾಸ್ತವ: ತಪ್ಪು. ಅವು ಕಣ್ಣಿಗೆ ಕಾಣದಷ್ಟು ಚಿಕ್ಕದಾಗುತ್ತವೆಯೇ ಹೊರತು ಇಲ್ಲವಾಗುವುದಿಲ್ಲ.

ಬಸವಕಲ್ಯಾಣ, ಹುಮನಾಬಾದ್ ಮರುಭೂಮಿಯಲ್ಲ. ಆದರೆ ಮಳೆಗಾಲ ಮುಗಿದ ಮೇಲೆ ಇಲ್ಲಿನ ನೆಲ ತಿಂಗಳುಗಟ್ಟಲೆ ಒಣಗಿರುತ್ತದೆ. ಬಸವಕಲ್ಯಾಣದ ಕೋಟೆ, ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಚಾಲುಕ್ಯರ ಕಾಲದ ದೇವಾಲಯ ನೋಡಲು ಹೋಗುವವರು ಇದನ್ನು ನೆನಪಿಡಬೇಕು.

ಬಿಸಿಲು ಮಾಡುವುದೇನು?
ಸೂರ್ಯನ ನೇರಳಾತೀತ ಕಿರಣಗಳು ಪ್ಲಾಸ್ಟಿಕ್‌ನ ಉದ್ದನೆಯ ಅಣುಸರಪಳಿಗಳನ್ನು ತುಂಡರಿಸುತ್ತವೆ. ಕವರ್ ಬಣ್ಣಗೆಟ್ಟು, ಮುಟ್ಟಿದರೆ ಪುಡಿಯಾಗುತ್ತದೆ. 5 ಮಿಲಿಮೀಟರ್‌ಗಿಂತ ಚಿಕ್ಕ ಚೂರುಗಳೇ ಮೈಕ್ರೋಪ್ಲಾಸ್ಟಿಕ್. ಮಳೆ ಬಂದಾಗ ಇವು ಹೊಲಕ್ಕೆ, ಹಳ್ಳಕ್ಕೆ ಸೇರುತ್ತವೆ. ಬಸವಕಲ್ಯಾಣ ತಾಲ್ಲೂಕಿನಲ್ಲಿ ಹುಟ್ಟುವ ಮುಲ್ಲಾಮಾರಿ ಕಾಗಿಣಾವನ್ನು, ಕಾಗಿಣಾ ಭೀಮೆಯನ್ನು ಸೇರುತ್ತದೆ. ಗುಡ್ಡದ ಕಸಕ್ಕೂ ಅದೇ ದಾರಿ.

ಸಿಪ್ಪೆಯ ಕಥೆ?
ಸಿಪ್ಪೆ ಕೊಳೆಯಲು ಸೂಕ್ಷ್ಮಜೀವಿಗಳು ಬೇಕು, ಅವಕ್ಕೆ ತೇವ ಬೇಕು. ಒಣಗಲ್ಲಿನ ಮೇಲೆ ಬಿದ್ದ ಕಿತ್ತಳೆ ಸಿಪ್ಪೆ ಕೊಳೆಯುವುದಿಲ್ಲ, ಒಣಗಿ ಗಟ್ಟಿಯಾಗಿ ಬಹುಕಾಲ ಉಳಿಯುತ್ತದೆ. ಊಟ ಉಳಿದ ಕವರ್ ಇನ್ನೂ ಅಪಾಯ. ವಾಸನೆಗೆ ಬಂದ ದನ ಕವರ್ ಸಮೇತ ನುಂಗುತ್ತದೆ. ಅದು ಹೊಟ್ಟೆಯಲ್ಲಿ ಜೀರ್ಣವಾಗದೆ ಗಂಟುಕಟ್ಟಿ ಪ್ರಾಣಕ್ಕೇ ಕುತ್ತಾಗಬಹುದು.

ಅಲ್ಲೇ ಸುಟ್ಟರೆ?
ಬೇಡ. ಪ್ಲಾಸ್ಟಿಕ್ ಹೊಗೆ ವಿಷಕಾರಿ. ಒಣಹುಲ್ಲಿಗೆ ಕಿಡಿ ತಗುಲಿದರೆ ಬೆಂಕಿ ಹಬ್ಬುತ್ತದೆ.

ಹಾಗಾದರೆ ಏನು ಮಾಡಬೇಕು?
• ಹೋಗುವಾಗಲೇ ಒಂದು ಖಾಲಿ ಚೀಲ ಒಯ್ಯಿರಿ. ನಿಮ್ಮ ಕಸ, ಸಿಪ್ಪೆ ಸಹಿತ, ಅದರಲ್ಲೇ ವಾಪಸ್ ಬರಲಿ.
• ಬಿದ್ದಿರುವ ಕಸ ಹೆಕ್ಕುವುದಾದರೆ ಇಡೀ ಇರುವ ಬಾಟಲಿ, ಕವರ್‌ಗಳನ್ನು ಮೊದಲು ತೆಗೆಯಿರಿ. ಪುಡಿಯಾದ ಮೇಲೆ ಯಾರಿಂದಲೂ ಆಗದು.
• ಕಲ್ಲಿನ ಸಂದಿಗೆ ಬರಿಗೈ ಹಾಕಬೇಡಿ. ಕೋಲಿನಿಂದ ಸರಿಸಿ ನೋಡಿ, ಚೇಳು, ಹಾವು ಇರಬಹುದು. ಸಿರಿಂಜ್ ಕಂಡರೆ ಮುಟ್ಟಬೇಡಿ.
• ಹಳೆಯದೆಲ್ಲ ಕಸವಲ್ಲ. ಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದ ಊರಿದು. ಮಡಕೆ ಚೂರು, ಕೆತ್ತನೆಯ ಕಲ್ಲು ಕಂಡರೆ ಇದ್ದಲ್ಲೇ ಬಿಡಿ. ಅದು ಬಿದ್ದಿರುವ ಜಾಗವೂ ಇತಿಹಾಸಕಾರರಿಗೆ ಸಾಕ್ಷಿ.

ನಮ್ಮ ತೀರ್ಮಾನ: "ಬಿಸಿಲು ನೋಡಿಕೊಳ್ಳುತ್ತದೆ" ಎಂಬ ಸಂದೇಶ ನಿಮಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಬಿಸಿಲು ಕಸವನ್ನು ಚೂರು ಮಾಡುತ್ತದೆ ಅಷ್ಟೇ. ತೆಗೆಯಬೇಕಾದವರು ನಾವೇ.